ಧ್ರುವದ ಗಾಳಿ ಹೊರಟು ಬಂದಾಗ

1911ರ ನವೆಂಬರ್ 11. ಅಮೆರಿಕದ ಒಕ್ಲಹೋಮಾ ನಗರದಲ್ಲಿ ಆ ಹಗಲು ಬೇಸಿಗೆಯಂಥ ಸೆಕೆ. ತಾಪಮಾಪಕ 28 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ತಾರೀಖಿನ ಮಟ್ಟಿಗೆ ಅದೊಂದು ದಾಖಲೆ. ಆಮೇಲೆ ಗಾಳಿ ದಿಕ್ಕು ಬದಲಿಸಿ ಉತ್ತರದ ಕಡೆಯಿಂದ ಬೀಸತೊಡಗಿತು. ಮಧ್ಯರಾತ್ರಿಯಾಗುವುದರೊಳಗೆ ಪಾದರಸ ಸೊನ್ನೆಗಿಂತ 8 ಡಿಗ್ರಿ ಕೆಳಗೆ ಜಾರಿತ್ತು. ಅದೂ ಆ ತಾರೀಖಿನ ದಾಖಲೆಯೇ. ಒಂದೇ ಊರಿನಲ್ಲಿ, ಒಂದೇ ದಿನದಲ್ಲಿ, ಅತಿ ಬಿಸಿಯ ದಾಖಲೆಯೂ ಅತಿ ಚಳಿಯ ದಾಖಲೆಯೂ ಬರೆಯಲ್ಪಟ್ಟವು.

ರಾತ್ರಿ ನೆಲ ತಣ್ಣಗಾಗುವುದು ಸಹಜ. ಆದರೆ ಬರಿಯ ರಾತ್ರಿಯ ತಂಪು 36 ಡಿಗ್ರಿ ಇಳಿಸಲಾರದು. ನಿಜವಾಗಿ ಆ ಊರಿನ ಗಾಳಿ ತಣ್ಣಗಾಗಲಿಲ್ಲ, ಆ ಊರಿನ ಗಾಳಿಯೇ ಹೊರಟುಹೋಯಿತು. ಕೆಲವು ದಿನಗಳ ಹಿಂದೆ ದೂರದ ಉತ್ತರದ ನೆಲಕ್ಕೆ ಅಂಟಿ ಮಲಗಿದ್ದ ಗಾಳಿ ಬಂದು ಅದರ ಜಾಗದಲ್ಲಿ ಕುಳಿತಿತು. ‘ಚಳಿ ಹೆಚ್ಚಾಯಿತು’ ಎಂದು ನಾವು ಸಲೀಸಾಗಿ ಹೇಳಿಬಿಡುವಾಗ ಈ ಸಂಗತಿ ಮರೆಯಾಗುತ್ತದೆ. ಕಡು ಚಳಿಯ ದಿನ ಮೈಗೆ ತಾಗುವ ಗಾಳಿ ಎಲ್ಲೋ ಹುಟ್ಟಿ, ಯಾವುದೋ ದಾರಿ ಹಿಡಿದು, ದಾರಿಯುದ್ದಕ್ಕೂ ಗುಣ ಬದಲಿಸುತ್ತ ಬಂದದ್ದು. ಅದರ ಜಾತಕ ಗೊತ್ತಾದರೆ ಮುಂದೆ ಸುರಿಯುವುದು ಮಳೆಯೋ ಹಿಮವೋ ಅಥವಾ ಬರಿಯ ನೀಲಿ ಆಕಾಶವೋ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು.

ಹೀಗೆ ಸಾವಿರಾರು ಕಿಲೋಮೀಟರ್ ಹರಡಿಕೊಂಡು, ಒಂದೊಂದು ಎತ್ತರದಲ್ಲೂ ಹೆಚ್ಚುಕಡಿಮೆ ಒಂದೇ ಉಷ್ಣತೆ, ಒಂದೇ ತೇವಾಂಶ ಇರುವ ಗಾಳಿಯ ರಾಶಿಗೆ ವಾಯುರಾಶಿ ಎನ್ನುತ್ತಾರೆ. ಈ ಕಲ್ಪನೆ ರೂಪುಗೊಂಡದ್ದು ನಾರ್ವೆಯ ಬರ್ಗೆನ್ ನಗರದಲ್ಲಿ, ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ. ಯುದ್ಧದಿಂದಾಗಿ ಹೊರದೇಶಗಳ ಹವಾಮಾನದ ತಂತಿ ಸುದ್ದಿಗಳು ನಿಂತುಹೋಗಿದ್ದವು. ಹವಾಮಾನ ವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಮತ್ತು ಅವರ ತಂಡ ತಮ್ಮ ಕರಾವಳಿಯುದ್ದಕ್ಕೂ ಒತ್ತೊತ್ತಾಗಿ ವೀಕ್ಷಣಾ ಕೇಂದ್ರಗಳನ್ನು ಹಾಕಿಕೊಂಡಿತು. ಹಾಗೆ ಹತ್ತಿರದಿಂದ ನೋಡಿದಾಗ ಅವರಿಗೆ ಕಂಡದ್ದು ಗೆರೆಗಳು. ಚಳಿಯಿಂದ ಸೆಕೆಗೆ ಉಷ್ಣತೆ ಮೆಲ್ಲಮೆಲ್ಲನೆ ಏರುತ್ತಿರಲಿಲ್ಲ. ಒಂದು ಗೆರೆಯ ಈಚೆ ಒಂದು ಗಾಳಿ, ಆಚೆ ಇನ್ನೊಂದು ಗಾಳಿ. ಯುದ್ಧಭೂಮಿಯಲ್ಲಿ ಎರಡು ಸೇನೆಗಳು ಎದುರಾಗುವ ಗೆರೆಗೆ ಆಗ ಬಳಸುತ್ತಿದ್ದ ‘ಫ್ರಂಟ್’ ಎಂಬ ಪದವನ್ನೇ ಅವರು ಆ ಗೆರೆಗೂ ಇಟ್ಟರು. ಕನ್ನಡದಲ್ಲಿ ಅದನ್ನು ವಾಯುಮುಖ ಎನ್ನಬಹುದು.

ಗಾಳಿ ಶಾಖ ಕಳೆದುಕೊಳ್ಳುವ ಬಗೆ

ಬಿಸಿಯನ್ನು ಹುಟ್ಟಿಸಲು ಸೂರ್ಯನಿದ್ದಾನೆ. ಚಳಿಯನ್ನು ಹುಟ್ಟಿಸುವ ವಸ್ತು ಯಾವುದೂ ಇಲ್ಲ. ಶಾಖ ಸೋರಿಹೋದ ಮೇಲೆ ಉಳಿಯುವುದು ಚಳಿ. ಆದ್ದರಿಂದ ಚಳಿಗಾಳಿಯ ಹುಟ್ಟಿಗೆ ಬೇಕಾದ್ದು ಸೋರಿಕೆ, ಮತ್ತು ಸಾಕಷ್ಟು ಸಮಯ.

ಧ್ರುವದ ಇರುಳು ಇವೆರಡನ್ನೂ ಒದಗಿಸುತ್ತದೆ. ಅಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸೂರ್ಯ ಮೂಡುವುದಿಲ್ಲ. ನೆಲದ ಮೇಲೆ ಹೊಸ ಹಿಮ ಬಿದ್ದಿರುತ್ತದೆ. ಹಿಮಕ್ಕೆ ಎರಡು ಗುಣಗಳಿವೆ. ಹಗಲಿದ್ದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 80ರಿಂದ 90ರಷ್ಟನ್ನು ಹಿಂದಕ್ಕೆ ಎರಚುತ್ತದೆ, ಇರುಳಿನಲ್ಲಿ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಧಾರಾಳವಾಗಿ ಬಾನಿಗೆ ಬಿಟ್ಟುಕೊಡುತ್ತದೆ. ಕೆಳಗಿನ ನೆಲದ ಬಿಸಿ ಮೇಲೆ ಬರಲೂ ಬಿಡುವುದಿಲ್ಲ, ಏಕೆಂದರೆ ಹಿಮದ ಪದರ ಒಳ್ಳೆಯ ಕಂಬಳಿ. ಮೋಡಗಳಿದ್ದರೆ ಹೋಗುವ ಶಾಖವನ್ನು ಸ್ವಲ್ಪ ತಡೆದು ಹಿಂದಿರುಗಿಸುತ್ತಿದ್ದವು. ಶುಭ್ರವಾದ ಒಣ ಆಕಾಶದಲ್ಲಿ ಆ ತಡೆಯೂ ಇಲ್ಲ.

ಮೊದಲು ಹಿಮದ ಮೇಲ್ಮೈ ತಣ್ಣಗಾಗುತ್ತದೆ, ಅದನ್ನು ತಾಗಿದ ಗಾಳಿ ಆಮೇಲೆ. ಹೀಗಾಗಿ ಅಲ್ಲಿ ನಮಗೆ ರೂಢಿಯಿರುವ ಲೆಕ್ಕ ತಲೆಕೆಳಗಾಗುತ್ತದೆ. ಮೇಲೇರಿದಂತೆ ಚಳಿ ಹೆಚ್ಚುವ ಬದಲು ನೆಲದ ಬಳಿಯೇ ಅತಿ ಚಳಿ, ಕೆಲವು ನೂರು ಮೀಟರ್ ಮೇಲೆ ಅದಕ್ಕಿಂತ ಬೆಚ್ಚಗೆ. ಉಷ್ಣತಾ ವಿಲೋಮ ಎನ್ನುವುದು ಇದಕ್ಕೇ. ಅಡಿಯಲ್ಲಿ ಭಾರವಾದ ಗಾಳಿ, ಮೇಲೆ ಹಗುರವಾದದ್ದು, ಹಾಗಾಗಿ ಕಲಕುವಿಕೆ ಇಲ್ಲ. ಗಾಳಿ ಅಲುಗಾಡದೆ ಬಿದ್ದುಕೊಂಡು ಇನ್ನಷ್ಟು ಶಾಖ ಕಳೆದುಕೊಳ್ಳುತ್ತದೆ. ವಾಯುರಾಶಿ ಹದಕ್ಕೆ ಬರಲು ಹೀಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು.

ಹಾಗಾದರೆ ಉತ್ತರ ಗೋಳಾರ್ಧದ ಅತಿ ಚಳಿಯ ಜಾಗ ಉತ್ತರ ಧ್ರುವವೇ ಇರಬೇಕಲ್ಲ? ಇಲ್ಲ. ಧ್ರುವದಲ್ಲಿ ಮಂಜುಗಡ್ಡೆಯ ತೆಳು ಹೊದಿಕೆಯ ಕೆಳಗೆ ಸಮುದ್ರವಿದೆ. ಆ ಉಪ್ಪುನೀರು ಮೈನಸ್ 1.8 ಡಿಗ್ರಿಗಿಂತ ತಣ್ಣಗಾಗಲಾರದು. ಚಳಿಗಾಲದುದ್ದಕ್ಕೂ ಅದು ಕೆಳಗಿನಿಂದ ಗಾಳಿಗೆ ಶಾಖ ಒದಗಿಸುವ ಒಲೆಯಂತೆ ಕೆಲಸ ಮಾಡುತ್ತದೆ. ಸೈಬೀರಿಯಾದ ನೆಲಕ್ಕೆ ಆ ಒಲೆಯಿಲ್ಲ. ಆದ್ದರಿಂದಲೇ ಧ್ರುವದಿಂದ ಎಷ್ಟೋ ದಕ್ಷಿಣಕ್ಕಿರುವ, ಕಣಿವೆಯಲ್ಲಿ ಕುಳಿತ ಒಯ್ಮ್ಯಾಕೊನ್ ಹಳ್ಳಿ 1933ರ ಫೆಬ್ರವರಿಯಲ್ಲಿ ಮೈನಸ್ 67.7 ಡಿಗ್ರಿ ಕಂಡಿತು. ದಕ್ಷಿಣ ಧ್ರುವದ ಕಡೆ ಸಮುದ್ರದ ಬದಲು ಭೂಖಂಡವೇ ಇದೆ, ಅದರ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಹಿಮ. ಅಲ್ಲಿನ ವೊಸ್ಟೊಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ಅಳೆದ ಮೈನಸ್ 89.2 ಡಿಗ್ರಿಯನ್ನು ನೆಲದ ಮೇಲಿನ ಯಾವ ಹವಾಮಾನ ಕೇಂದ್ರವೂ ಇನ್ನೂ ಮೀರಿಲ್ಲ.

ಹೀಗೆ ಹದಗೊಂಡ ಗಾಳಿಯ ಎರಡು ಗುಣಗಳು ಮುಂದಿನ ಎಲ್ಲವನ್ನೂ ನಿರ್ಧರಿಸುತ್ತವೆ. ಮೊದಲನೆಯದು ಭಾರ. ಸಮುದ್ರಮಟ್ಟದ ಸಾಮಾನ್ಯ ಒತ್ತಡದಲ್ಲಿ 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗಿದರೆ, ಮೈನಸ್ 40 ಡಿಗ್ರಿಯ ಗಾಳಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಸೈಬೀರಿಯಾದ ಮೇಲೆ ಚಳಿಗಾಲದಲ್ಲಿ ಈ ಭಾರ ಎಷ್ಟು ಒಟ್ಟಾಗುತ್ತದೆಂದರೆ, 1968ರ ಡಿಸೆಂಬರ್ 31ರಂದು ಅಗಾತಾ ಎಂಬಲ್ಲಿ ಒತ್ತಡ 1083 ಹೆಕ್ಟೊಪಾಸ್ಕಲ್ ದಾಟಿತ್ತು. ಸಾಮಾನ್ಯ ಒತ್ತಡ 1013. ಎರಡನೆಯ ಗುಣ ಒಣತನ. 30 ಡಿಗ್ರಿಯ ಗಾಳಿಯ ಒಂದು ಘನ ಮೀಟರ್‌ನಲ್ಲಿ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು, ಮೈನಸ್ 40ರಲ್ಲಿ ಕಾಲು ಗ್ರಾಂ ಕೂಡ ಇರಲಾರದು. ಧ್ರುವದ ಗಾಳಿ ತಾನಾಗಿಯೇ ಹಿಮ ಸುರಿಸುವುದಿಲ್ಲ. ಸುರಿಸಲು ಅದರ ಬಳಿ ನೀರೇ ಇಲ್ಲ. ಭಾರಿ ಹಿಮಪಾತದ ಸುದ್ದಿ ಓದುವಾಗ ಇದೊಂದನ್ನು ನೆನಪಿಟ್ಟುಕೊಂಡರೆ, ಆ ನೀರು ಎಲ್ಲಿಂದ ಬಂತು ಎಂಬ ಸರಿಯಾದ ಪ್ರಶ್ನೆ ತಾನಾಗಿ ಏಳುತ್ತದೆ.

ತಡೆಯುವ ಬೇಲಿ, ಬಾಗುವ ಬೇಲಿ

ಇಷ್ಟು ಭಾರದ ಗಾಳಿ ಚೆಲ್ಲಿದ ನೀರಿನಂತೆ ಕೂಡಲೇ ದಕ್ಷಿಣಕ್ಕೆ ಹರಡಿಬಿಡಬೇಕಿತ್ತು. ಹರಡುವುದಿಲ್ಲ, ಏಕೆಂದರೆ ಭೂಮಿ ತಿರುಗುತ್ತಿದೆ.

ತಣ್ಣನೆಯ ಗಾಳಿ ಕುಗ್ಗಿ ನೆಲದ ಬಳಿ ಒತ್ತೊತ್ತಾಗಿ ಕೂರುತ್ತದೆ. ಐದಾರು ಕಿಲೋಮೀಟರ್ ಎತ್ತರಕ್ಕೆ ಹೋಗಿ ನಿಂತರೆ, ಧ್ರುವದ ಕಡೆ ತಲೆಯ ಮೇಲೆ ಉಳಿದ ಗಾಳಿ ಕಡಿಮೆ, ಉಷ್ಣವಲಯದ ಕಡೆ ಹೆಚ್ಚು. ಅಂದರೆ ನೆಲದಲ್ಲಿ ಹೆಚ್ಚು ಒತ್ತಡವಿರುವ ಚಳಿಯ ಜಾಗದಲ್ಲೇ ಎತ್ತರದಲ್ಲಿ ಕಡಿಮೆ ಒತ್ತಡ. ಈ ವಿರೋಧಾಭಾಸ ಅರ್ಥವಾಗದೆ ಅನೇಕರು ಗೊಂದಲಕ್ಕೆ ಬೀಳುತ್ತಾರೆ, ಆದ್ದರಿಂದ ಒಂದು ಕ್ಷಣ ಇಲ್ಲಿ ನಿಲ್ಲುವುದು ಒಳ್ಳೆಯದು. ಎತ್ತರದ ಗಾಳಿ ಕಡಿಮೆ ಒತ್ತಡದತ್ತ, ಅಂದರೆ ಧ್ರುವದತ್ತ ಹೊರಡುತ್ತದೆ. ಭೂಮಿಯ ತಿರುಗುವಿಕೆ ಉತ್ತರ ಗೋಳಾರ್ಧದಲ್ಲಿ ಅದನ್ನು ಬಲಕ್ಕೆ ತಿರುಗಿಸುತ್ತದೆ. ಕೊನೆಗೆ ಅದು ಧ್ರುವವನ್ನು ಮುಟ್ಟದೆ, ಪಶ್ಚಿಮದಿಂದ ಪೂರ್ವಕ್ಕೆ ಸುತ್ತು ಹಾಕುವ ನದಿಯಾಗಿಬಿಡುತ್ತದೆ. ಚಳಿ ಮತ್ತು ಬಿಸಿ ಗಾಳಿಗಳ ನಡುವಿನ ವ್ಯತ್ಯಾಸ ಎಲ್ಲಿ ಅತಿ ಹೆಚ್ಚೋ ಅಲ್ಲಿ, ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ, ಈ ನದಿ ಅತಿ ರಭಸದ್ದಾಗಿರುತ್ತದೆ. ಅದೇ ಜೆಟ್ ಪ್ರವಾಹ.

ಈ ನದಿ ನೆಟ್ಟಗೆ ಹರಿದರೆ ಚಳಿಗಾಳಿ ಉತ್ತರದಲ್ಲೇ ಉಳಿಯುತ್ತದೆ. ಆದರೆ ಪರ್ವತಸಾಲುಗಳು, ನೆಲ–ಕಡಲುಗಳ ಉಷ್ಣತೆಯ ವ್ಯತ್ಯಾಸಗಳು ಅದನ್ನು ಅಂಕುಡೊಂಕು ಮಾಡುತ್ತವೆ. ಈ ಬೃಹತ್ ಅಲೆಗಳ ಲೆಕ್ಕಾಚಾರವನ್ನು 1939ರಲ್ಲಿ ಬಿಡಿಸಿಟ್ಟವರು ಕಾರ್ಲ್ ಗುಸ್ತಾಫ್ ರಾಸ್ಬಿ. ಅಲೆ ದಕ್ಷಿಣಕ್ಕೆ ಆಳವಾಗಿ ಬಾಗಿದ ಕಡೆ ಧ್ರುವದ ಗಾಳಿ ಅದರ ಜೊತೆಗೇ ಕೆಳಗಿಳಿಯುತ್ತದೆ. ಪಕ್ಕದಲ್ಲಿ ಅಲೆ ಉತ್ತರಕ್ಕೆ ಉಬ್ಬಿದ ಕಡೆ ಬೆಚ್ಚನೆಯ ಗಾಳಿ ಧ್ರುವದತ್ತ ನುಗ್ಗುತ್ತದೆ. ಒಂದು ಕಡೆಯ ಕಡು ಚಳಿ ಇನ್ನೊಂದು ಕಡೆಯ ಅಕಾಲಿಕ ಬೆಚ್ಚನೆಯ ಹವೆಯ ಜೊತೆಗೇ ಬರುವುದು ಹೀಗೆ.

ಇದಕ್ಕೂ ಮೇಲೆ, 15ರಿಂದ 50 ಕಿಲೋಮೀಟರ್ ಎತ್ತರದ ಸಮೋಷ್ಣ ಮಂಡಲದಲ್ಲಿ, ಚಳಿಗಾಲದಲ್ಲಿ ಮಾತ್ರ ಇರುವ ಇನ್ನೊಂದು ಸುತ್ತುಗಾಳಿಯಿದೆ. ಅದು ಧ್ರುವೀಯ ಸುಳಿ. ‘ಧ್ರುವೀಯ ಸುಳಿ ನಗರಕ್ಕೆ ಅಪ್ಪಳಿಸಿತು’ ಎಂಬ ಶೀರ್ಷಿಕೆಗಳನ್ನು ಓದಿದಾಗ ನನಗೆ ಕಸಿವಿಸಿಯಾಗುತ್ತದೆ. ಆ ಸುಳಿ ವಿಮಾನಗಳು ಹಾರುವ ಎತ್ತರಕ್ಕೂ ಮೇಲಿರುತ್ತದೆ. ಅದು ಯಾವ ನಗರಕ್ಕೂ ಅಪ್ಪಳಿಸುವುದಿಲ್ಲ. ಆದರೆ ಅದು ಮುರಿದಾಗ ಕೆಳಗಿನ ಜೆಟ್ ಪ್ರವಾಹದ ಮೇಲೆ ಪರಿಣಾಮವಾಗುವುದು ನಿಜ. 1952ರಲ್ಲಿ ಬರ್ಲಿನ್‌ನಲ್ಲಿ ಬಲೂನುಗಳನ್ನು ಹಾರಿಸಿ ಉಷ್ಣತೆ ಅಳೆಯುತ್ತಿದ್ದ ರಿಚರ್ಡ್ ಶೆರ್‌ಹಾಗ್, ಸಮೋಷ್ಣ ಮಂಡಲ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಯಾದದ್ದನ್ನು ಕಂಡರು. ಕೆಳಗಿನಿಂದ ಏರಿದ ರಾಸ್ಬಿ ಅಲೆಗಳು ಮೇಲೆ ಹೋಗಿ ಒಡೆದಾಗ ಸುಳಿಯ ವೇಗ ಕುಂದುತ್ತದೆ, ನಡುವಿನ ಗಾಳಿ ಕೆಳಕ್ಕೆ ಕುಸಿದು, ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ಹತ್ತು ವರ್ಷಕ್ಕೆ ಸುಮಾರು ಆರು ಬಾರಿ ಇಂಥ ದೊಡ್ಡ ಘಟನೆ ನಡೆಯುತ್ತದೆ. ಮಧ್ಯ ಅಕ್ಷಾಂಶಗಳಲ್ಲಿ ದೊಡ್ಡ ಪರ್ವತಗಳು ಕಡಿಮೆಯಿರುವ ದಕ್ಷಿಣ ಗೋಳಾರ್ಧದಲ್ಲಿ ಅಲೆಗಳು ದುರ್ಬಲ, ಸುಳಿ ಗಟ್ಟಿ. ಅಲ್ಲಿ 2002ರ ಸೆಪ್ಟೆಂಬರ್‌ನಲ್ಲಿ ಸುಳಿ ಎರಡಾಗಿ ಸೀಳಿದ್ದು ವಿಜ್ಞಾನಿಗಳನ್ನೇ ಬೆರಗುಗೊಳಿಸಿತ್ತು.

2018ರ ಫೆಬ್ರವರಿ ಮಧ್ಯಭಾಗದಲ್ಲಿ ಉತ್ತರದ ಸುಳಿ ಹೀಗೆಯೇ ಒಡೆಯಿತು. ಎರಡು ವಾರಗಳಲ್ಲಿ ಯುರೋಪಿನ ಮೇಲೆ ಗಾಳಿಯ ದಿಕ್ಕೇ ಬದಲಾಯಿತು. ಸಾಗರದಿಂದ ಬರುತ್ತಿದ್ದ ಮೆತ್ತನೆಯ ಪಶ್ಚಿಮದ ಗಾಳಿ ನಿಂತು, ಪೂರ್ವದಿಂದ ಸೈಬೀರಿಯಾದ ಗಾಳಿ ಬೀಸಿತು. ಫೆಬ್ರವರಿ 26ರಂದು ರೋಮ್ ನಗರದ ಮೇಲೆ ಹಿಮ ಬಿತ್ತು. ಅದೇ ದಿನಗಳಲ್ಲಿ ಗ್ರೀನ್‌ಲ್ಯಾಂಡ್‌ನ ಉತ್ತರ ತುದಿಯಲ್ಲಿ, ಸೂರ್ಯನೇ ಮೂಡದ ಕಾಲದಲ್ಲಿ, ಉಷ್ಣತೆ ಸೊನ್ನೆಗಿಂತ ಮೇಲೆ ಏರಿತ್ತು. ಆ ವಾರ ಜಗತ್ತಿನಲ್ಲಿ ಹೊಸದಾಗಿ ಚಳಿ ಹುಟ್ಟಿರಲಿಲ್ಲ. ಇದ್ದ ಚಳಿ ಮನೆ ಬದಲಿಸಿತ್ತು.

ಗೆರೆ ದಾಟುವ ಹೊತ್ತು

ಹೊರಟ ಚಳಿಗಾಳಿ ಮುಂದಿನ ಬೆಚ್ಚನೆಯ ಗಾಳಿಯ ಅಡಿಗೆ ಬೆಣೆಯಂತೆ ನುಗ್ಗುತ್ತದೆ. ಹಗುರವಾದ ಗಾಳಿ ಮೇಲೇರದೆ ಗತ್ಯಂತರವಿಲ್ಲ. ಏರಿದ್ದು ತಣ್ಣಗಾಗಿ ಮೋಡವಾಗುತ್ತದೆ, ಗುಡುಗು ಮಳೆ ಅಥವಾ ಹಿಮವಾಗಿ ಸುರಿಯುತ್ತದೆ. ಇದು ಶೀತ ವಾಯುಮುಖ. ಗಮನಿಸಿ, ಇಲ್ಲಿ ಸುರಿಯುವ ನೀರು ಬೆಚ್ಚನೆಯ ಗಾಳಿಯದ್ದು. ಚಳಿಗಾಳಿಯ ಪಾತ್ರ ಅದನ್ನು ಎತ್ತಿಹಾಕುವುದಷ್ಟೇ. ಗೆರೆ ದಾಟಿದ ಮೇಲೆ ಒತ್ತಡ ಏರುತ್ತದೆ, ಆಕಾಶ ತಿಳಿಯಾಗುತ್ತದೆ, ಗಾಳಿ ಚುಚ್ಚುತ್ತದೆ.

ಮೋಸ ಮಾಡುವುದು ಗೆರೆ ಬರುವ ಮೊದಲಿನ ಗಳಿಗೆ. ಮುಂಬರುವ ವಾಯುಮುಖದ ಮುಂದೆ ದಕ್ಷಿಣದ ಗಾಳಿ ಬೀಸುವುದರಿಂದ ಹವೆ ಹಿತವಾಗಿರುತ್ತದೆ. 1888ರ ಜನವರಿ 12ರ ಬೆಳಗ್ಗೆ ಅಮೆರಿಕದ ಡಕೋಟ ಮತ್ತು ನೆಬ್ರಾಸ್ಕ ಬಯಲುಗಳಲ್ಲಿ ಹಾಗೆಯೇ ಇತ್ತು. ಮಕ್ಕಳು ದಪ್ಪ ಉಡುಪಿಲ್ಲದೆ ಶಾಲೆಗೆ ಹೋದರು, ರೈತರು ಹೊಲಕ್ಕೆ ಹೊರಟರು. ವಾಯುಮುಖ ನಿಮಿಷಗಳಲ್ಲಿ ಎರಗಿತು. ನುಣ್ಣನೆಯ ಹಿಮಪುಡಿ ಎದ್ದು ಚಾಚಿದ ಕೈಯೂ ಕಾಣದಂತಾಯಿತು. ಸತ್ತವರು ಸುಮಾರು 235 ಮಂದಿ ಎಂದು ಅಂದಾಜಿಸಲಾಗಿದೆ. ಅವರಲ್ಲಿ ಅನೇಕರು ಶಾಲೆಯಿಂದ ಮನೆಯ ದಾರಿ ಹಿಡಿದಿದ್ದ ಮಕ್ಕಳು. ಹವಾಮಾನ ನಕ್ಷೆಯ ಮೇಲೆ ನೀಲಿ ಬಣ್ಣದ ಗೆರೆಯನ್ನು ನೋಡುವಾಗಲೆಲ್ಲ ನನಗೆ ಆ ಮಕ್ಕಳ ನೆನಪಾಗುತ್ತದೆ.

ಉತ್ತರ ಅಮೆರಿಕದಲ್ಲಿ ಇಂಥದ್ದು ಮತ್ತೆ ಮತ್ತೆ ನಡೆಯಲು ನೆಲದ ರೂಪವೂ ಕಾರಣ. ಅಲ್ಲಿನ ರಾಕಿ ಪರ್ವತಗಳು ಉತ್ತರ–ದಕ್ಷಿಣವಾಗಿ ನಿಂತಿವೆ. ಅವುಗಳ ಪೂರ್ವಕ್ಕೆ ಆರ್ಕ್‌ಟಿಕ್‌ನಿಂದ ಮೆಕ್ಸಿಕೊ ಕೊಲ್ಲಿಯವರೆಗೆ ತಡೆಯೇ ಇಲ್ಲದ ಬಯಲು. ಚಳಿಗಾಳಿಯ ದಟ್ಟ ಪದರ ಬಹುತೇಕ ಒಂದೆರಡು ಕಿಲೋಮೀಟರ್ ದಪ್ಪದ್ದು, ಆದ್ದರಿಂದ ಅದು ಪರ್ವತವನ್ನು ಹತ್ತುವುದಕ್ಕಿಂತ ಅದರ ಬುಡ ಹಿಡಿದು ಹರಿಯಲು ಬಯಸುತ್ತದೆ. ಏಷ್ಯಾದಲ್ಲಿ ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ ಪೂರ್ವ–ಪಶ್ಚಿಮವಾಗಿ ಅಡ್ಡ ನಿಂತು ಸೈಬೀರಿಯಾದ ಗಾಳಿಯನ್ನು ದಕ್ಷಿಣಕ್ಕೆ ಬಿಡದೆ ಪೂರ್ವಕ್ಕೆ, ಚೀನಾದ ಕಡೆಗೆ ತಳ್ಳುತ್ತವೆ. ದಕ್ಷಿಣ ಅಮೆರಿಕದಲ್ಲಿ ಆಂಡಿಸ್ ಸಾಲಿನ ಪೂರ್ವದ ಅಂಚು ಹಿಡಿದು ಅಂಟಾರ್ಕ್‌ಟಿಕ್ ಕಡೆಯ ಗಾಳಿ ಅಮೆಜಾನ್ ಕಾಡಿನವರೆಗೂ ತಲುಪುವುದುಂಟು. 1975ರ ಜುಲೈ 18ರಂದು ಅಂಥ ಗಾಳಿ ಬ್ರೆಜಿಲ್‌ನ ಪರನಾ ರಾಜ್ಯದ ಕಾಫಿ ತೋಟಗಳನ್ನು ಒಂದೇ ರಾತ್ರಿಯಲ್ಲಿ ಸುಟ್ಟಂತೆ ಕಪ್ಪಾಗಿಸಿತು. ಜಗತ್ತಿನಾದ್ಯಂತ ಕಾಫಿಯ ಬೆಲೆ ಏರಿತು.

ಚಳಿ ಬರುವುದೇ ಅಪರೂಪವಾದ ಜಾಗಗಳಲ್ಲಿ ಹಾನಿ ಹೆಚ್ಚು. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಡಲ್ಲಾಸ್ ಮೈನಸ್ 19 ಡಿಗ್ರಿಗೆ ಇಳಿದಾಗ ಅನಿಲ ಬಾವಿಗಳ ಬಾಯಿಗಳೇ ಹೆಪ್ಪುಗಟ್ಟಿದವು, ವಿದ್ಯುತ್ ಸ್ಥಾವರಗಳು ನಿಂತವು, ಲಕ್ಷಾಂತರ ಮನೆಗಳು ಕತ್ತಲಲ್ಲಿ ಮುಳುಗಿದವು. ಸರ್ಕಾರದ ಲೆಕ್ಕದಲ್ಲೇ 246 ಮಂದಿ ಸತ್ತರು. ಸೈಬೀರಿಯಾದಲ್ಲಿ ಮೈನಸ್ 19 ಒಂದು ಸಾಧಾರಣ ದಿನ.

ನೀರು ಸಿಕ್ಕಾಗ

ಈಗ ಆ ಹಳೆಯ ಪ್ರಶ್ನೆ: ಒಣ ಗಾಳಿ ಅಷ್ಟೊಂದು ಹಿಮವನ್ನು ಎಲ್ಲಿಂದ ತರುತ್ತದೆ? ದಾರಿಯಲ್ಲಿ ಹೆಪ್ಪುಗಟ್ಟದ ನೀರು ಸಿಕ್ಕರೆ ಧ್ರುವದ ಗಾಳಿಯ ಸ್ವಭಾವ ಗಂಟೆಗಳಲ್ಲಿ ಬದಲಾಗುತ್ತದೆ. ಅಡಿಯಿಂದ ಶಾಖ, ಅಡಿಯಿಂದಲೇ ಆವಿ. ನೆಲಕ್ಕೆ ಅಂಟಿ ಮಲಗಿದ್ದ ಗಾಳಿ ಈಗ ಬುಡ ಬಿಸಿಯಾಗಿ ಕುದಿಯುವ ಪಾತ್ರೆಯಂತೆ ಮೇಲೇಳುತ್ತದೆ. ಸರೋವರದ ನೀರಿಗೂ ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿಗೂ ಸುಮಾರು 13 ಡಿಗ್ರಿ ವ್ಯತ್ಯಾಸವಿದ್ದರೆ ಸಾಕು, ಹಿಮ ಸುರಿಸುವ ಮೋಡಗಳ ಸಾಲು ಕಟ್ಟುತ್ತದೆ ಎಂಬುದು ಅಮೆರಿಕದ ಮಹಾ ಸರೋವರಗಳ ಸುತ್ತಲಿನ ಮುನ್ಸೂಚಕರು ನಂಬಿಕೊಂಡಿರುವ ಲೆಕ್ಕ. 2022ರ ನವೆಂಬರ್‌ನಲ್ಲಿ ಈರಿ ಸರೋವರದ ತುದಿಯಲ್ಲಿರುವ ಬಫಲೋ ನಗರದ ದಕ್ಷಿಣದ ಬಡಾವಣೆಗಳಲ್ಲಿ ಕೆಲವೇ ದಿನಗಳಲ್ಲಿ ಎರಡು ಮೀಟರ್ ಹಿಮ ಬಿತ್ತು. ಮೋಡದ ಪಟ್ಟಿ ಎಷ್ಟು ಕಿರಿದೆಂದರೆ, ಅಲ್ಲಿಂದ ಕೊಂಚ ದೂರದ ಊರುಗಳಲ್ಲಿ ನಾಮಮಾತ್ರದ ಹಿಮ.

ಇದರ ಇನ್ನೂ ದೊಡ್ಡ ರೂಪ ಜಪಾನಿನದು. ಸೈಬೀರಿಯಾದ ಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ಅದರ ಕೆಳಗೆ ದಕ್ಷಿಣದಿಂದ ಬರುವ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹವಿರುತ್ತದೆ. ಆವಿ ತುಂಬಿಕೊಂಡ ಗಾಳಿ ಪಶ್ಚಿಮ ಕರಾವಳಿಯ ಬೆಟ್ಟಗಳನ್ನು ಏರುತ್ತ ಎಲ್ಲವನ್ನೂ ಅಲ್ಲೇ ಸುರಿದುಬಿಡುತ್ತದೆ. 1927ರಲ್ಲಿ ಇಬುಕಿ ಬೆಟ್ಟದ ಮೇಲೆ ಅಳೆದ ಹಿಮದ ಆಳ 11.82 ಮೀಟರ್. ಬೆಟ್ಟ ಇಳಿದು ಟೋಕಿಯೊ ತಲುಪುವಾಗ ಅದೇ ಗಾಳಿ ಮತ್ತೆ ಒಣ, ಆಕಾಶ ಮತ್ತೆ ನೀಲಿ. ಸೈಬೀರಿಯಾದಲ್ಲಿ ನಿಶ್ಚಲ ಶುಭ್ರತೆ, ಕಡಲಾಚೆಯ ಕರಾವಳಿಯಲ್ಲಿ ಮನೆ ಮುಳುಗಿಸುವ ಹಿಮ, ಬೆಟ್ಟದಾಚೆ ಎಳೆ ಬಿಸಿಲು. ಗಾಳಿ ಒಂದೇ, ಅದು ಹಾದುಬಂದ ನೆಲ ಬೇರೆ ಬೇರೆ.

ಗಾಳಿ ಪಡೆದ ಶಾಖವನ್ನು ಸಮುದ್ರ ಕಳೆದುಕೊಳ್ಳುತ್ತದೆ ಎಂಬುದನ್ನೂ ಮರೆಯಬಾರದು. ಕೆನಡಾದ ಗಾಳಿ ಬೀಸುವ ಲ್ಯಾಬ್ರಡಾರ್ ಸಮುದ್ರದಲ್ಲಿ ಮೇಲ್ನೀರು ತಣ್ಣಗಾಗಿ ಭಾರವಾಗಿ, ಕೆಲವು ಚಳಿಗಾಲಗಳಲ್ಲಿ ಎರಡು ಕಿಲೋಮೀಟರ್ ಆಳದವರೆಗೂ ಇಳಿಯುತ್ತದೆ. ಅಟ್ಲಾಂಟಿಕ್ ಸಾಗರದ ಆಳದ ಹರಿವನ್ನು ನಡೆಸುವ ಶಕ್ತಿಗಳಲ್ಲಿ ಇದೂ ಒಂದು.

ಭೂಮಿ ಬಿಸಿಯಾಗುತ್ತಿರುವಾಗ ಈ ಚಳಿ ಎಲ್ಲಿಂದ ಎಂದು ಪ್ರತಿ ಶೀತಗಾಳಿಯ ಸಮಯದಲ್ಲೂ ಕೇಳುತ್ತಾರೆ. ಒಂದು ಊರಿನ ಚಳಿ ಇಡೀ ಭೂಮಿಯ ಉಷ್ಣತೆಯನ್ನು ಹೇಳುವುದಿಲ್ಲ. ರೋಮ್ ಮತ್ತು ಗ್ರೀನ್‌ಲ್ಯಾಂಡ್‌ಗಳ ಆ ವಾರವನ್ನು ನೆನೆದರೆ ಉತ್ತರ ಅಲ್ಲೇ ಇದೆ. 1979ರಿಂದೀಚೆಗೆ ಆರ್ಕ್‌ಟಿಕ್ ಪ್ರದೇಶ ಭೂಮಿಯ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಚಳಿಗಾಳಿ ಹುಟ್ಟುವ ಜಾಗವೇ ಬಿಸಿಯಾಗುತ್ತಿರುವಾಗ, ಅಲ್ಲಿಂದ ಬರುವ ಗಾಳಿಯ ತೀವ್ರತೆಯೂ ಒಟ್ಟಾರೆ ತಗ್ಗುತ್ತಿದೆ, ಕಡು ಚಳಿಯ ದಿನಗಳು ವಿರಳವಾಗುತ್ತಿವೆ. ಜೆಟ್ ಪ್ರವಾಹ ಈಗ ಮೊದಲಿಗಿಂತ ಹೆಚ್ಚು ಬಾಗುತ್ತಿದೆಯೇ ಎಂಬುದರ ಬಗ್ಗೆ ಮಾತ್ರ ವಿಜ್ಞಾನಿಗಳ ನಡುವೆ ಗಟ್ಟಿಯಾದ ಚರ್ಚೆ ನಡೆದೇ ಇದೆ. ಎರಡು ಪಕ್ಷಗಳ ವಾದವನ್ನೂ ಓದಿದ ಮೇಲೆ, ತೀರ್ಪಿಗೆ ಇನ್ನೂ ಕಾಯಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಯಾಣದ ಕೊನೆಗೆ ಈ ಗಾಳಿ ಏನಾಗುತ್ತದೆ? ಚೀನಾದ ಕರಾವಳಿ ದಾಟಿ ದಕ್ಷಿಣ ಚೀನಾ ಸಮುದ್ರಕ್ಕಿಳಿದ ಸೈಬೀರಿಯಾದ ಗಾಳಿ ದಿನಗಳೊಳಗೆ ಬೆಚ್ಚಗಾಗಿ, ತೇವಗೊಂಡು, ಗುರುತು ಸಿಗದಂತಾಗುತ್ತದೆ. ಉಳಿಯುವುದು ಅದರ ರಭಸ ಮಾತ್ರ. ಮಲೇಷ್ಯಾದ ಪೂರ್ವ ಕರಾವಳಿಯ ವರ್ಷಾಂತ್ಯದ ಪ್ರವಾಹಗಳ ಹಿಂದೆ ಆ ರಭಸವಿದೆ. ಭೂಮಧ್ಯರೇಖೆಯ ಬಳಿ ಗಾಳಿಯನ್ನು ತಿರುಗಿಸುವ ಭೂಮಿಯ ಬಲ ಬಹಳ ಕ್ಷೀಣವಾದ್ದರಿಂದ ಅಲ್ಲಿ ಚಂಡಮಾರುತ ಹುಟ್ಟುವುದೇ ಇಲ್ಲವೆಂಬಷ್ಟು ಅಪರೂಪ. ಆದರೆ 2001ರ ಡಿಸೆಂಬರ್ ಕೊನೆಯ ವಾರ ಉತ್ತರದಿಂದ ಎಡೆಬಿಡದೆ ಬೀಸಿದ ಆ ಗಾಳಿ, ಬೋರ್ನಿಯೊ ದ್ವೀಪದ ಪಕ್ಕದಲ್ಲಿ ಸುತ್ತುತ್ತಿದ್ದ ಸುಳಿಯೊಂದಕ್ಕೆ ಕಿರಿದಾದ ಕಡಲಿನಲ್ಲಿ ಬೇಕಾದ ತಿರುವನ್ನು ಒದಗಿಸಿತು. ಭೂಮಧ್ಯರೇಖೆಯಿಂದ ಸುಮಾರು ಒಂದೂವರೆ ಡಿಗ್ರಿ ದೂರದಲ್ಲಿ ‘ವಾಮೆ’ ಎಂಬ ಚಂಡಮಾರುತ ಎದ್ದು, ಸಿಂಗಪುರದ ಈಶಾನ್ಯಕ್ಕೆ ಜೊಹೊರ್ ಕರಾವಳಿಯನ್ನು ಹೊಕ್ಕಿತು. ಅದರ ಬೆಚ್ಚನೆಯ ಮಳೆಯಲ್ಲಿ ನೆನೆದವರನ್ನು ತಾಗಿದ ಗಾಳಿಯ ಒಂದು ಪಾಲು ಸೈಬೀರಿಯಾದ ಹಿಮದ ಕಡೆಯಿಂದ ಹೊರಟು ಬಂದದ್ದು.